ಕೈಯಲ್ಲಿ ಒಂದೇ ಪ್ರತಿ: ನಾಲ್ಕು ತಾಲ್ಲೂಕುಗಳ ಲ್ಯಾಪ್‌ಟಾಪ್ ಕಡತಗಳಿಗೆ ರಕ್ಷಣೆ ಎಲ್ಲಿ?

ಮಂಡ್ಯ: ವಿಂಡೋಸ್ 10 ಕಾರ್ಯಾಚರಣಾ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ಸಂಸ್ಥೆ 2025ರ ಅಕ್ಟೋಬರ್ 14ರಂದು ಕೊನೆಗೊಳಿಸಿತು. ಬಿಡಲೊಪ್ಪದವರಿಗೆ ಒಂದು ವರ್ಷದ ಹೆಚ್ಚುವರಿ ಭದ್ರತಾ ಸೌಲಭ್ಯವನ್ನೂ ಪ್ರಕಟಿಸಿತು. ಹಳೆಯ ಲ್ಯಾಪ್‌ಟಾಪ್ ಬದಲಿಸಬೇಕೇ, ಅದರಲ್ಲೇ ಹೊಸ ವ್ಯವಸ್ಥೆ ಅಳವಡಿಸಬೇಕೇ ಎಂಬ ಪ್ರಶ್ನೆ ಮಹಾನಗರಗಳಿಗೆ ಸೀಮಿತವಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕು ಕೇಂದ್ರಗಳ ಪತ್ರ ಬರಹಗಾರರು, ಫೋಟೊ ಸ್ಟುಡಿಯೋಗಳು, ಸೈಬರ್ ಕೇಂದ್ರಗಳು ಹಾಗೂ ಸಣ್ಣ ವ್ಯಾಪಾರಿಗಳ ಮುಂದೆಯೂ ಅದೇ ಪ್ರಶ್ನೆ ಇದೆ. ಆದರೆ ಅದಕ್ಕೂ ಮೊದಲು ಉತ್ತರಿಸಬೇಕಾದ ಪ್ರಶ್ನೆ ಬೇರೆ: ಯಂತ್ರದೊಳಗಿನ ಕಡತಗಳ ಮತ್ತೊಂದು ಪ್ರತಿ ಎಲ್ಲಿದೆ?

ಸರ್ಕಾರಕ್ಕೆ ಇದೆ, ಜನರಿಗೆ ಇಲ್ಲ

ಈ ವಿಚಾರದಲ್ಲಿ ಸರ್ಕಾರ ಬಹುಕಾಲದ ಹಿಂದೆಯೇ ಎಚ್ಚೆತ್ತಿದೆ. 2000ರ ದಶಕದ ಆರಂಭದಲ್ಲಿ 'ಭೂಮಿ' ಯೋಜನೆಯಡಿ ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಗಣಕೀಕೃತಗೊಂಡವು. ತಾಲ್ಲೂಕು ಕಚೇರಿಗಳ ಅಭಿಲೇಖಾಲಯಗಳಲ್ಲಿರುವ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ 'ಭೂ ಸುರಕ್ಷಾ' ಯೋಜನೆಯೂ ಬಂದಿದೆ. ಆದರೆ ಅದೇ ಕಚೇರಿಯ ಎದುರಿನ ಕೊಠಡಿಯಲ್ಲಿ ಕ್ರಯಪತ್ರದ ಕರಡು ಸಿದ್ಧಪಡಿಸುವವರ ಹತ್ತಾರು ವರ್ಷಗಳ ಕಡತಗಳಿಗೆ ಇಂತಹ ಯಾವ ಯೋಜನೆಯೂ ಇಲ್ಲ. ಅವರ ಅಭಿಲೇಖಾಲಯ ಅವರ ಲ್ಯಾಪ್‌ಟಾಪ್ ಮಾತ್ರ.

ಒಂದೇ ಸೂರಿನಡಿ ಎರಡು ಪ್ರತಿ

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಖರೀದಿಸಿದರೆ ಸಾಕು ಎಂಬ ನಂಬಿಕೆ ಸಾಮಾನ್ಯವಾಗಿದೆ. ಲ್ಯಾಪ್‌ಟಾಪ್ ಇರುವ ಮೇಜಿನ ಖಾನೆಯಲ್ಲೇ ಡಿಸ್ಕ್ ಕೂಡ ಇದ್ದರೆ ಈ ನಂಬಿಕೆಗೆ ಆಧಾರವಿಲ್ಲ. 2024ರ ಮಳೆಗಾಲದಲ್ಲಿ ಕೃಷ್ಣರಾಜಸಾಗರ ಜಲಾಶಯದಿಂದ ಲಕ್ಷಕ್ಕೂ ಅಧಿಕ ಕ್ಯೂಸೆಕ್ ನೀರು ಹೊರಬಿಟ್ಟಾಗ ಶ್ರೀರಂಗಪಟ್ಟಣದ ನದಿ ತೀರ ಪ್ರವಾಹ ಭೀತಿ ಎದುರಿಸಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಾಗಮಂಗಲ ಪಟ್ಟಣದ ಗಲಭೆಯಲ್ಲಿ ಹಲವು ಅಂಗಡಿಗಳು ಬೆಂಕಿಗೆ ಆಹುತಿಯಾದವು. ನೀರಾಗಲಿ ಬೆಂಕಿಯಾಗಲಿ ಮೂಲ ಯಾವುದು, ನಕಲು ಯಾವುದು ಎಂದು ನೋಡುವುದಿಲ್ಲ.

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 'ಮೂರು-ಎರಡು-ಒಂದು' ಸೂತ್ರದ ಮಹತ್ವ ಇಲ್ಲಿದೆ. ಕಡತದ ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳು, ಕನಿಷ್ಠ ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬುದು ಅದರ ಸಾರ. ಕೆ.ಆರ್. ಪೇಟೆಯ ಸ್ಟುಡಿಯೋ ಮಾಲೀಕನೊಬ್ಬ ಒಂದು ಡಿಸ್ಕನ್ನು ಅಂಗಡಿಯಲ್ಲಿಯೂ ಇನ್ನೊಂದನ್ನು ಹಳ್ಳಿಯ ಮನೆಯಲ್ಲಿಯೂ ಇರಿಸಿ, ಪ್ರತಿ ವಾರ ಅದಲು ಬದಲು ಮಾಡಿದರೆ ಸೂತ್ರದ ಬಹುಪಾಲು ಪಾಲನೆಯಾದಂತೆ. ಮದುವೆಯ ಚಿತ್ರಗಳನ್ನು ಮತ್ತೊಮ್ಮೆ ತೆಗೆಯಲಾಗದು ಎಂಬುದನ್ನು ಗಮನಿಸಿದರೆ ಈ ಶ್ರಮ ದುಬಾರಿಯಲ್ಲ.

ಕಾನೂನಿನ ಹೊಣೆ

ವ್ಯಾಪಾರಿಗಳಿಗೆ ಇದು ಕೇವಲ ಮುನ್ನೆಚ್ಚರಿಕೆಯಲ್ಲ. ಜಿಎಸ್‌ಟಿ ಕಾಯ್ದೆಯ 36ನೇ ಕಲಂ ಪ್ರಕಾರ, ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಪಾಡಬೇಕು. ವಿದ್ಯುನ್ಮಾನ ರೂಪದ ದಾಖಲೆಗಳು ಅಪಘಾತ ಅಥವಾ ನೈಸರ್ಗಿಕ ಕಾರಣಗಳಿಂದ ನಾಶವಾದರೂ ಸಮಂಜಸ ಅವಧಿಯಲ್ಲಿ ಮರಳಿ ದೊರೆಯುವಂತೆ ಬ್ಯಾಕಪ್ ಇರಬೇಕೆಂದು ನಿಯಮ 57 ಹೇಳುತ್ತದೆ. ಲ್ಯಾಪ್‌ಟಾಪ್ ಕೆಟ್ಟಿತು ಎಂಬ ಉತ್ತರ ತೆರಿಗೆ ಅಧಿಕಾರಿಯ ಮುಂದೆ ನಿಲ್ಲುವುದು ಕಷ್ಟ.

ವೇಗದ ಲೆಕ್ಕಾಚಾರ

ಸಮಯ ಹಿಡಿಯುತ್ತದೆ ಎಂಬುದು ಬ್ಯಾಕಪ್ ಮುಂದೂಡುವವರ ಮೊದಲ ನೆಪ. ಇದಕ್ಕೆ ಹಲವೊಮ್ಮೆ ಡಿಸ್ಕಿಗಿಂತ ಅದನ್ನು ಜೋಡಿಸಿದ ಪೋರ್ಟ್ ಕಾರಣ. ಹಳೆಯ ಯುಎಸ್‌ಬಿ 2.0 ಪೋರ್ಟಿನಲ್ಲಿ ಸೆಕೆಂಡಿಗೆ ಸುಮಾರು 35 ಮೆಗಾಬೈಟ್ ಸಾಗಿದರೆ 500 ಗಿಗಾಬೈಟ್ ನಕಲಾಗಲು ಹತ್ತಿರ ಹತ್ತಿರ 4 ಗಂಟೆ ಬೇಕು. ಅದೇ ಹಾರ್ಡ್ ಡಿಸ್ಕನ್ನು ಯುಎಸ್‌ಬಿ 3.0 ಪೋರ್ಟಿಗೆ ಜೋಡಿಸಿ 110 ಮೆಗಾಬೈಟ್ ವೇಗ ದೊರೆತರೆ ಒಂದೂಕಾಲು ಗಂಟೆ ಸಾಕು. 450 ಮೆಗಾಬೈಟ್ ವೇಗದ ಎಸ್‌ಎಸ್‌ಡಿಯಾದರೆ ಕೆಲಸ 20 ನಿಮಿಷದೊಳಗೆ ಮುಗಿಯುತ್ತದೆ. ಸಾವಿರಾರು ಸಣ್ಣ ಕಡತಗಳಿದ್ದಲ್ಲಿ ವೇಗ ಇದಕ್ಕಿಂತ ತಗ್ಗುವುದು ಸಹಜ.

ಪೂರ್ಣ ನಕಲು ಮೊದಲ ಸಲ ಮಾತ್ರ ಅಗತ್ಯ. ವಿಂಡೋಸ್‌ನ ಫೈಲ್ ಹಿಸ್ಟರಿ, ಆಪಲ್‌ನ ಟೈಮ್ ಮಷೀನ್ ಮುಂತಾದ ಸೌಲಭ್ಯಗಳು ನಂತರ ಬದಲಾದ ಕಡತಗಳನ್ನಷ್ಟೇ ಸೇರಿಸುತ್ತವೆ. ಡಿಸ್ಕ್ ಎಫ್‌ಎಟಿ32 ಮಾದರಿಯಲ್ಲಿದ್ದರೆ 4 ಗಿಗಾಬೈಟ್ ಮೀರಿದ ವಿಡಿಯೊ ಅದರಲ್ಲಿ ಕೂರುವುದಿಲ್ಲ. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಎಫ್‌ಎಟಿ ಬೇಕು. ಟ್ಯಾಲಿ ಬಳಸುವವರು ಅದನ್ನು ಮುಚ್ಚಿದ ಬಳಿಕವೇ ನಕಲು ಆರಂಭಿಸುವುದು ಕ್ಷೇಮ. ವಿದ್ಯುತ್ ಕಡಿತದ ನಡುವೆ ಕೆಲಸ ಅರ್ಧಕ್ಕೆ ನಿಲ್ಲದಂತೆ ಬ್ಯಾಟರಿ ತುಂಬಿರಲಿ. ಕೊನೆಗೆ 'ಸೇಫ್ಲಿ ರಿಮೂವ್' ಆಯ್ಕೆ ಬಳಸಿಯೇ ಡಿಸ್ಕನ್ನು ಬೇರ್ಪಡಿಸಬೇಕು.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ಯೂನಿಕೋಡ್ ಅಲ್ಲದ ನುಡಿ ಅಕ್ಷರಗಳಲ್ಲಿ ಸಿದ್ಧಪಡಿಸಿದ ಹಳೆಯ ಪತ್ರಗಳು, ಆ ಫಾಂಟ್ ಇಲ್ಲದ ಹೊಸ ಯಂತ್ರದಲ್ಲಿ ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತವೆ. ಕಡತಗಳ ಜತೆ ಫಾಂಟನ್ನೂ ನಕಲು ಮಾಡಿಕೊಳ್ಳದಿದ್ದರೆ ದಾಖಲೆ ಉಳಿದೂ ಓದಲಾಗದ ಸ್ಥಿತಿ ಬರಬಹುದು.

ಡಿಸ್ಕೂ ಕಳುವಾಗಬಹುದು

2017ರ ವನ್ನಾಕ್ರೈ ದಾಳಿ ಹಾಗೂ 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ನಡೆದ ದಾಳಿ, ಕಡತಗಳನ್ನು ಒತ್ತೆ ಇರಿಸಿಕೊಳ್ಳುವ ತಂತ್ರಾಂಶಗಳ ಅಪಾಯವನ್ನು ದೇಶಕ್ಕೆ ತೋರಿಸಿಕೊಟ್ಟವು. ಇಂತಹ ತಂತ್ರಾಂಶ ಹೊಕ್ಕ ಸಮಯದಲ್ಲಿ ಡಿಸ್ಕ್ ಜೋಡಣೆಯಲ್ಲೇ ಇದ್ದರೆ ಅದರಲ್ಲಿನ ಪ್ರತಿಗಳೂ ಕೈತಪ್ಪುತ್ತವೆ. ಆದ್ದರಿಂದ ಕೆಲಸ ಮುಗಿದೊಡನೆ ಡಿಸ್ಕನ್ನು ಬೇರ್ಪಡಿಸಿಡುವುದೇ ಅತ್ಯಂತ ಅಗ್ಗದ ರಕ್ಷಣೆ.

ಇನ್ನೊಂದು ಮಗ್ಗುಲೂ ಇದೆ. ಸೈಬರ್ ಕೇಂದ್ರದ ಡಿಸ್ಕಿನಲ್ಲಿ ಇರುವುದು ಗ್ರಾಹಕರ ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್‌ಗಳ ಪ್ರತಿಗಳು. ವೈಯಕ್ತಿಕ ದತ್ತಾಂಶ ರಕ್ಷಣೆಗಾಗಿ 2023ರಲ್ಲಿ ಬಂದ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾಗಿದ್ದು, ಹೊಣೆಗಾರಿಕೆ ಹಂತ ಹಂತವಾಗಿ ಜಾರಿಗೆ ಬರಲಿದೆ. ಬಿಟ್‌ಲಾಕರ್ ಅಥವಾ ವೆರಾಕ್ರಿಪ್ಟ್‌ನಂತಹ ಸಾಧನದಿಂದ ಡಿಸ್ಕಿಗೆ ಬೀಗ ಹಾಕುವುದು, ಅಗತ್ಯ ಮುಗಿದ ಪ್ರತಿಗಳನ್ನು ಅಳಿಸುವುದು ಈಗಿನಿಂದಲೇ ರೂಢಿಯಾಗಬೇಕು. ಬೀಗದ ಗುಪ್ತಪದ ಕಳೆದುಹೋದರೆ ಮಾಲೀಕನಿಗೂ ಬಾಗಿಲು ತೆರೆಯದು. ಅದನ್ನು ಬರೆದು ಬೇರೆಡೆ ಭದ್ರವಾಗಿ ಇರಿಸಬೇಕು.

ಇಷ್ಟೆಲ್ಲ ಮಾಡಿದರೂ ಒಂದು ಪರೀಕ್ಷೆ ಉಳಿಯುತ್ತದೆ. ತಿಂಗಳಿಗೊಮ್ಮೆ ಡಿಸ್ಕಿನಿಂದ ನಾಲ್ಕಾರು ಕಡತಗಳನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. ತೆರೆದು ನೋಡದ ಪ್ರತಿ ಇದ್ದೂ ಇಲ್ಲದಂತೆ. ಹಳೆಯ ಲ್ಯಾಪ್‌ಟಾಪ್ ಮಾರುವ ಅಥವಾ ಅಳಿಸುವ ನಿರ್ಧಾರ ಆ ಪರೀಕ್ಷೆಯ ನಂತರ ಬರಲಿ.