ವೈದ್ಯರ ಕಡತ, ರೋಗಿಯ ಒಪ್ಪಿಗೆ

ನಮ್ಮ ಬೀದಿಯ ಹಿರಿಯ ವೈದ್ಯರು ಕಳೆದ ವರ್ಷ ತೀರಿಕೊಂಡರು. ಮೂರು ತಲೆಮಾರಿನ ಕಾಯಿಲೆ ಕಸಾಲೆಗಳೆಲ್ಲ ಅವರ ನೆನಪಿನಲ್ಲಿದ್ದವು. ನನ್ನ ತಾಯಿಯವರಿಗೆ ಪೆನಿಸಿಲಿನ್ ಒಗ್ಗದೆಂಬುದೂ ಹಾಗೆ ಅವರಿಗೆ ತಿಳಿದಿದ್ದ ಸಂಗತಿ. ಕಾಗದದ ಮೇಲೆ ಅದನ್ನು ಯಾರೂ ಬರೆದಿರಲಿಲ್ಲ. ಈಚೆಗೆ ತಾಯಿಯವರಿಗೆ ಗಂಟಲುನೋವು ಬಂದು ಹೊಸ ವೈದ್ಯರಲ್ಲಿಗೆ ಹೋದೆವು. "ಯಾವುದಾದರೂ ಔಷಧಿ ನಿಮಗೆ ಆಗುವುದಿಲ್ಲವೇ ಅಮ್ಮಾ?" ಎಂದು ಅವರು ಕೇಳಿದರೆ, "ಅದೆಲ್ಲ ನಮ್ಮ ಡಾಕ್ಟರಿಗೆ ಗೊತ್ತು" ಎಂದರು ತಾಯಿ. ನಾನು ಬಾಲಕನಾಗಿದ್ದಾಗ ಒಂದು ಇಂಜೆಕ್ಷನ್ನಿನಿಂದ ಅವರ ಮೈಯೆಲ್ಲ ದದ್ದೆದ್ದುದು ಆ ಕ್ಷಣ ನನಗೆ ನೆನಪಾದುದು ಪುಣ್ಯ.

ವೈದ್ಯರೊಡನೆ ರೋಗಿಯ ಚರಿತ್ರೆಯೂ ಅಳಿಯಬಾರದೆಂದೇ ಈಗ ಕಂಪ್ಯೂಟರಿನ ಕಡತಗಳು ಬಂದಿವೆ. ಒಂದು ಕೋಣೆಯ ಚಿಕಿತ್ಸಾಲಯದವರು ದೊಡ್ಡ ಯಂತ್ರಗಳನ್ನು ಕೊಳ್ಳಲಾರರು. ಅವರು ಬಾಡಿಗೆ ತೆತ್ತು, 'ಕ್ಲೌಡ್' ಎಂಬ ವ್ಯವಸ್ಥೆಯಲ್ಲಿ ಕಡತಗಳನ್ನು ಇಡುತ್ತಾರೆ. ಹೆಸರು ಮೋಡವಾದರೂ ಅದು ಆಕಾಶದಲ್ಲಿಲ್ಲ. ದೂರದ ಯಾವುದೋ ಕಟ್ಟಡದಲ್ಲಿ ಹಗಲಿರುಳು ದುಡಿಯುವ ಯಂತ್ರಗಳ ಸಾಲು ಅದು. ಗೆದ್ದಲಿನ ಭಯವಾಗಲಿ, ಸೋರುವ ಮಾಡಿನ ಚಿಂತೆಯಾಗಲಿ ಅಲ್ಲಿಲ್ಲ.

2021ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಇಂಥ ಕಡತಗಳನ್ನು ಒಂದಕ್ಕೊಂದು ಹೆಣೆಯಲು ಹೊರಟಿದೆ. ಇಚ್ಛೆಯುಳ್ಳವರಿಗೆ 14 ಅಂಕಿಗಳ 'ಆಭಾ' ಸಂಖ್ಯೆ ದೊರೆಯುತ್ತದೆ. ದಾಖಲೆಗಳೆಲ್ಲ ಒಂದೇ ಉಗ್ರಾಣಕ್ಕೆ ಸೇರುವುದಿಲ್ಲ. ಹುಟ್ಟಿದ ಕಡೆಯೇ ಇದ್ದು, ರೋಗಿ ಒಪ್ಪಿದರೆ ಮಾತ್ರ ಇನ್ನೊಬ್ಬ ವೈದ್ಯರಿಗೆ ಕಾಣುತ್ತವೆ. ಏರ್ಪಾಡು ವಿವೇಕದ್ದೆಂಬುದರಲ್ಲಿ ಸಂದೇಹವಿಲ್ಲ.

ಅಪಾಯವೇ ಇಲ್ಲವೆಂದಲ್ಲ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳ ಮೇಲೆ ಕನ್ನಗಳ್ಳರು ದಾಳಿಮಾಡಿದಾಗ, ದೇಶದ ಅಗ್ರಗಣ್ಯ ಸಂಸ್ಥೆಯೇ ಹಲವು ದಿನ ಕಾಗದ ಲೇಖನಿಗಳಿಗೆ ಮರಳಬೇಕಾಯಿತು. ಆದರೆ ನನ್ನನ್ನು ಹೆಚ್ಚು ಕಾಡುವುದು ಕನ್ನವಲ್ಲ, ಒಪ್ಪಿಗೆ.

ಅಂದು ಆ ಚಿಕಿತ್ಸಾಲಯದಲ್ಲಿ ತಾಯಿಯವರ ಹೆಸರನ್ನು ನೋಂದಾಯಿಸಿದರು. ಫೋನಿಗೊಂದು ಸಂಖ್ಯೆ ಬಂತು. ಪರದೆಯ ಮೇಲೆ ಒಪ್ಪಿಗೆಯ ಪುಟ ತೆರೆಯಿತು. ಪುಟವೆಲ್ಲ ಇಂಗ್ಲಿಷು. ದಿನವೂ ಕನ್ನಡ ಪತ್ರಿಕೆಯನ್ನು ಮೊದಲಿಂದ ಕೊನೆಯವರೆಗೆ ಓದುವ ನನ್ನ ತಾಯಿ ಅದರ ಮುಂದೆ ನಿರಕ್ಷರಿಯಾದರು. "ಎಲ್ಲಿ ಒತ್ತಲಿ?" ಎಂದಷ್ಟೇ ಕೇಳಿದರು. ಇದನ್ನು ಒಪ್ಪಿಗೆಯೆನ್ನಬಹುದೇ? ಓದಲಾರದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡ ರೈತರ ಕಥೆ ನಮಗೆ ಹೊಸದೇ?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆ ಇದಕ್ಕೆ ಪರಿಹಾರ ಹೇಳಿದೆ. ಒಪ್ಪಿಗೆ ಕೇಳುವವರು ಇಂಗ್ಲಿಷನ್ನಾಗಲಿ, ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯನ್ನಾಗಲಿ ಆರಿಸಿಕೊಳ್ಳುವ ಅವಕಾಶ ಕೊಡಬೇಕು. ಇದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದಿವೆ. ಜಾರಿ ಮಾತ್ರ ಹಂತಹಂತವಾಗಿ. ಆ ಹಂತಗಳನ್ನು ಕಾಯದೆ ಕನ್ನಡ ಪುಟ ವೈದ್ಯರ ಮೇಜಿಗೆ ಬರಬೇಕು. ಬರುವ ಕನ್ನಡವೂ ತಿಳಿಯುವಂತಿರಬೇಕು. 'ದತ್ತಾಂಶ ಸಂಸ್ಕರಣೆ' ಎಂದು ಬರೆದು ಕೈತೊಳೆದುಕೊಂಡರೆ ಇಂಗ್ಲಿಷೇ ವಾಸಿಯಾದೀತು. ಈ ದೋಷದಲ್ಲಿ ಕನ್ನಡ ಪಾಠ ಹೇಳುವ ನಮ್ಮ ಪಾಲೂ ಉಂಟು.

ಮನೆಗೆ ಬರುವ ದಾರಿಯಲ್ಲಿ ತಾಯಿ, "ನನ್ನ ಕಾಯಿಲೆ ವಿಷಯ ಇನ್ನು ಯಾರು ಯಾರಿಗೆ ಕಾಣುತ್ತದಪ್ಪಾ?" ಎಂದರು. ಆ ಪುಟ ಮೊದಲು ಉತ್ತರಿಸಬೇಕಾಗಿದ್ದುದು ಈ ಪ್ರಶ್ನೆಗೆ.