ರಾತ್ರಿ ಎದ್ದೇಳುವವರೇ ಆರಿಸಲಿ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಕಾಲೇಜು ಫೆಸ್ಟ್‌ನ ನೋಂದಣಿ ವೆಬ್‌ಸೈಟ್ ನೋಡಿಕೊಳ್ಳುವ ಹೊಣೆ ನಮ್ಮ ಐದು ಜನರ ತಂಡದ ಮೇಲಿತ್ತು. ಕೊನೆಯ ದಿನದ ಹಿಂದಿನ ರಾತ್ರಿ 1.40ಕ್ಕೆ ಸರ್ವರ್‌ನ ಡಿಸ್ಕ್ ತುಂಬಿಹೋಯಿತು. ಡೇಟಾಬೇಸ್ ಹೊಸ ಹೆಸರುಗಳನ್ನು ಬರೆದುಕೊಳ್ಳುವುದನ್ನು ನಿಲ್ಲಿಸಿತು. ಆದರೆ ಹಣ ಪಾವತಿಯ ಪುಟ ಮಾತ್ರ ಕೆಲಸ ಮಾಡುತ್ತಲೇ ಇತ್ತು. ಬೇರೆ ಬೇರೆ ಕಾಲೇಜಿನ ಹುಡುಗರು ಹಣ ಕಟ್ಟುತ್ತಿದ್ದರು, ಅವರ ಹೆಸರು ಎಲ್ಲಿಯೂ ದಾಖಲಾಗುತ್ತಿರಲಿಲ್ಲ.

ಎಚ್ಚರಿಕೆ ಬಂದಿರಲಿಲ್ಲ ಎನ್ನುವಂತಿಲ್ಲ. ನಾವೇ ಬರೆದ ಪುಟ್ಟ ಪ್ರೋಗ್ರಾಮ್ ಪ್ರತಿ ಐದು ನಿಮಿಷಕ್ಕೊಮ್ಮೆ ನಮ್ಮ ಟೆಲಿಗ್ರಾಂ ಗುಂಪಿಗೆ ಸಂದೇಶ ಕಳಿಸುತ್ತಲೇ ಇತ್ತು. ಬೆಳಿಗ್ಗೆ ಏಳಕ್ಕೆ ನಾನು ಫೋನ್ ತೆಗೆದಾಗ 64 ಸಂದೇಶಗಳಿದ್ದವು. ಅದಕ್ಕೆ ಮೊದಲು ಎರಡು ವಾರ ಇದೇ ಪ್ರೋಗ್ರಾಮ್ ಸಣ್ಣಪುಟ್ಟದ್ದಕ್ಕೆಲ್ಲ ಬಡಿದುಕೊಂಡಿತ್ತು, ಹಾಗಾಗಿ ನಾಲ್ವರು ಗುಂಪನ್ನು ಮ್ಯೂಟ್ ಮಾಡಿದ್ದೆವು. ಐದನೆಯವನು ಎರಡು ಗಂಟೆಗೆ ನೋಡಿದ್ದ. ಒಂದು ಹೆಬ್ಬೆರಳಿನ ಚಿಹ್ನೆ ಹಾಕಿ, ‘ಬೇರೆ ಯಾರಾದರೂ ನೋಡಿಕೊಳ್ಳುತ್ತಾರೆ’ ಎಂದುಕೊಂಡು ಮಲಗಿದ್ದ. ನೋಡಿದ ಇನ್ನೊಬ್ಬರಿದ್ದರೂ ಆ ಹೆಬ್ಬೆರಳು ನೋಡಿ, ‘ಅವನು ಸರಿಮಾಡುತ್ತಿದ್ದಾನೆ’ ಎಂದುಕೊಳ್ಳುತ್ತಿದ್ದರೇನೋ! ಆಮೇಲೆ ಮೂರು ದಿನ ಯುಪಿಐ ದಾಖಲೆ ಹಿಡಿದು ಒಬ್ಬೊಬ್ಬರಿಗೇ ಫೋನ್ ಮಾಡಿ ಕ್ಷಮೆ ಕೇಳಿದೆವು. ಬೈಸಿಕೊಂಡಿದ್ದೂ ಉಂಟು.

ಈ ಕಥೆಯನ್ನು ಮನೆಯಲ್ಲಿ ಹೇಳಿದಾಗ ಅಪ್ಪ ನಕ್ಕುಬಿಟ್ಟರು. ಅಪ್ಪ ಲೈನ್‌ಮನ್. ‘ಐದು ಜನಕ್ಕೆ ಹೇಳೋದೂ ಒಂದೇ, ಯಾರಿಗೂ ಹೇಳ್ದೆ ಇರೋದೂ ಒಂದೇ ಕಣಮ್ಮ’ ಅಂದರು. ಅವರ ಸೆಕ್ಷನ್ ಆಫೀಸಿನಲ್ಲಿ ಒಂದು ರಿಜಿಸ್ಟರ್ ಇದೆ. ಇಂಥ ರಾತ್ರಿ ಇಂಥವರು ಎಂದು ಅದರಲ್ಲಿ ಬರೆದಿರುತ್ತದೆ. ಗಾಳಿ ಮಳೆಗೆ ತಂತಿ ಹರಿದರೆ ಮೊದಲ ಫೋನ್ ಅವರಿಗೇ. ಅವರು ಎತ್ತದಿದ್ದರೆ ಇನ್ನೊಬ್ಬ ಲೈನ್‌ಮನ್‌ಗೆ, ಆಮೇಲೆ ಜೆಇ ಸಾಹೇಬರಿಗೆ. ಫೋನ್ ಎತ್ತಿದವರು ‘ನಾನು ಹೊರಟೆ’ ಎಂದು ಬಾಯಿಬಿಟ್ಟು ಹೇಳಬೇಕು. ನಮ್ಮ ಮನೆಯಲ್ಲಿ ನಡುರಾತ್ರಿಯ ಆ ಮಾತು ಕೇಳುತ್ತಲೇ ನಾನು ಬೆಳೆದದ್ದು. ಆದರೂ ಐದು ಸೆಮಿಸ್ಟರ್ ಓದಿದ ಮೇಲೂ ಅಷ್ಟು ಸರಳ ವಿಷಯ ನನಗೆ ಹೊಳೆದಿರಲಿಲ್ಲ.

ಐಟಿ ಕಂಪನಿಗಳಲ್ಲಿ ಇದೇ ಕೆಲಸಕ್ಕೆ ‘ಇನ್ಸಿಡೆಂಟ್ ಮ್ಯಾನೇಜ್‌ಮೆಂಟ್’, ‘ಆನ್‌ಕಾಲ್’ ಎಂಬ ಹೆಸರಿನ ಸಾಫ್ಟ್‌ವೇರ್‌ಗಳಿವೆ. ಅಪ್ಪನ ರಿಜಿಸ್ಟರ್ ಮಾಡುವುದನ್ನೇ ಅವೂ ಮಾಡುತ್ತವೆ. ಇವತ್ತು ಯಾರ ಸರದಿ ಎಂಬ ಪಟ್ಟಿ ಇಟ್ಟುಕೊಳ್ಳುವುದು, ತೊಂದರೆಯಾದಾಗ ಅವರನ್ನು ಕರೆಯುವುದು, ಎತ್ತದಿದ್ದರೆ ಮುಂದಿನವರಿಗೆ ದಾಟಿಸುವುದು, ಯಾರು ಹೊಣೆ ಹೊತ್ತರು ಎಂದು ದಾಖಲಿಸುವುದು. ಮುಂದಿನ ಫೆಸ್ಟ್‌ಗೆ ಇಂಥದ್ದೊಂದನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಎರಡು ತಿಂಗಳು ಹುಡುಕಾಡಿದ ಮೇಲೆ ನನಗೊಂದು ಅಭಿಪ್ರಾಯ ಮೂಡಿದೆ. ಈ ಸಾಫ್ಟ್‌ವೇರನ್ನು ಆರಿಸಬೇಕಾದವರು ಅದು ಎಬ್ಬಿಸಿದಾಗ ಎದ್ದೇಳುವವರು. ಸ್ಲೈಡ್ ನೋಡಿ ಸಹಿ ಹಾಕುವವರಲ್ಲ.

ಹೀಗೆನ್ನಲು ನಮ್ಮ ದೊಡ್ಡಪ್ಪನ ಮಗಳ ಅನುಭವವೂ ಕಾರಣ. ಅಕ್ಕ ಬೆಂಗಳೂರಿನ ಕಂಪನಿಯೊಂದರಲ್ಲಿ ಮೂರು ವಾರಕ್ಕೊಮ್ಮೆ ಆನ್‌ಕಾಲ್ ಇರುತ್ತಾಳೆ. ಹಳೆಯ ಸಾಫ್ಟ್‌ವೇರ್‌ನಲ್ಲಿ ಸಹೋದ್ಯೋಗಿ ಒಪ್ಪಿದರೆ ಸರದಿಯನ್ನು ತಾವೇ ಅದಲುಬದಲು ಮಾಡಿಕೊಳ್ಳಬಹುದಿತ್ತು. ಹೊಸದನ್ನು ತಂದಾಗ ಅದಕ್ಕೆ ಮ್ಯಾನೇಜರ್ ಅನುಮತಿ ಬೇಕು ಎಂದು ಹೊಂದಿಸಿಟ್ಟರು. ಅಣ್ಣನ ನಿಶ್ಚಿತಾರ್ಥದ ದಿನ ಮ್ಯಾನೇಜರ್ ರಜೆಯಲ್ಲಿದ್ದರು, ಅನುಮತಿ ಬರಲಿಲ್ಲ. ಉಂಗುರ ತೊಡಿಸುವ ಹೊತ್ತಿಗೆ ಅಕ್ಕ ಛತ್ರದ ಸ್ಟೋರ್‌ ರೂಮಿನಲ್ಲಿ ತರಕಾರಿ ಮೂಟೆಗಳ ನಡುವೆ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದಳು. ಫೋಟೋಗಳಲ್ಲಿ ಅವಳಿಲ್ಲ. ಆ ಸಾಫ್ಟ್‌ವೇರ್ ಕೊಂಡ ಸಭೆಯಲ್ಲಿ ಆನ್‌ಕಾಲ್ ಮಾಡುವ ಒಬ್ಬರೂ ಇರಲಿಲ್ಲವಂತೆ.

ಹಾಗಾದರೆ ಎದ್ದೇಳುವವರು ಏನು ನೋಡಿ ಆರಿಸಬೇಕು? ಮೊದಲನೆಯದು, ಅದು ನಿಜವಾಗಿ ಎಬ್ಬಿಸುತ್ತದೆಯೇ? ತಮಾಷೆ ಅನ್ನಿಸಬಹುದು, ನಾನು ಪರೀಕ್ಷಿಸಿದ ಒಂದು ಆ್ಯಪ್ ನನ್ನ ಹತ್ತು ಸಾವಿರದ ಫೋನಿನಲ್ಲಿ ರಾತ್ರಿ ಸದ್ದೇ ಮಾಡಲಿಲ್ಲ. ಬ್ಯಾಟರಿ ಉಳಿಸುವ ವ್ಯವಸ್ಥೆ ಅದನ್ನು ಹಿನ್ನೆಲೆಯಲ್ಲೇ ಮಲಗಿಸಿತ್ತು. ವಿದೇಶಿ ನಂಬರಿನ ಕರೆ ಬಂದರೆ ಸ್ಪ್ಯಾಮ್ ಎಂದು ಕಟ್ ಮಾಡುವುದು ನಮ್ಮೆಲ್ಲರ ಅಭ್ಯಾಸ. ಸಂಸ್ಥೆಗಳು ಕಳಿಸುವ ಎಸ್‌ಎಂಎಸ್‌ಗೂ ನಮ್ಮಲ್ಲಿ ಟ್ರಾಯ್ ನೋಂದಣಿ ನಿಯಮಗಳಿವೆ. ಹಾಗಾಗಿ ಡೆಮೊ ವಿಡಿಯೊ ನೋಡಿ ನಂಬುವ ಬದಲು ತಂಡದ ಪ್ರತಿಯೊಬ್ಬರ ಫೋನಿಗೆ, ಅವರವರ ಸಿಮ್‌ಗೆ, ಹೇಳದೆ ಕೇಳದೆ ರಾತ್ರಿ ಒಂದು ಪರೀಕ್ಷಾ ಕರೆ ಕಳಿಸಿ ನೋಡಬೇಕು.

ಎಚ್ಚರಿಕೆ ತಲುಪದಿದ್ದರೆ ಏನಾಗುತ್ತದೆ ಎಂಬುದಕ್ಕೆ ಗಿಟ್‌ಲ್ಯಾಬ್ ಉದಾಹರಣೆ ಇದೆ. 2017ರ ಜನವರಿ 31ರಂದು ಅಲ್ಲಿನ ಎಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್ ಅಳಿಸಿಬಿಟ್ಟರು. ಬ್ಯಾಕಪ್ ಇದೆಯಲ್ಲ ಎಂದು ನೋಡಿದರೆ ಅದು ವಿಫಲವಾಗುತ್ತಲೇ ಬಂದಿತ್ತು. ಹಾಗೆಂದು ತಿಳಿಸುವ ಇಮೇಲ್‌ಗಳು ತಿರಸ್ಕೃತವಾಗಿ ಯಾರಿಗೂ ಮುಟ್ಟಿರಲಿಲ್ಲ. ಸುಮಾರು ಆರು ಗಂಟೆಗಳ ಡೇಟಾ ಹೋಯಿತು. ಕಂಪನಿ ನಡೆದದ್ದನ್ನೆಲ್ಲ ಮುಚ್ಚಿಡದೆ ಪ್ರಕಟಿಸಿತು. ಅದಕ್ಕೇ ನನ್ನಂಥವರು ಇವತ್ತು ಅದನ್ನು ಓದಿ ಕಲಿಯಲು ಸಾಧ್ಯವಾಗಿದೆ.

ಎರಡನೆಯದು, ಅದು ಅನಗತ್ಯವಾಗಿ ಎಬ್ಬಿಸದೆ ಇರುತ್ತದೆಯೇ? ಗೂಗಲ್ ಎಂಜಿನಿಯರ್‌ಗಳು 2016ರಲ್ಲಿ ಹೊರತಂದ ‘ಸೈಟ್ ರಿಲಯಬಿಲಿಟಿ ಎಂಜಿನಿಯರಿಂಗ್’ ಪುಸ್ತಕ 12 ಗಂಟೆಯ ಪಾಳಿಗೆ ಹೆಚ್ಚೆಂದರೆ ಎರಡು ಘಟನೆ ಎಂಬ ಮಿತಿ ಹೇಳುತ್ತದೆ. ಒಂದು ಘಟನೆ ಎಂದರೆ ಸರಿಪಡಿಸಿ ಮುಗಿಯುವುದಲ್ಲ, ಕಾರಣ ಹುಡುಕಿ ಬರೆದಿಡುವುದೂ ಅದರಲ್ಲೇ ಸೇರಿದೆ. ನಮ್ಮ 64 ಸಂದೇಶ ನೆನಪಿಸಿಕೊಳ್ಳಿ. ಒಂದೇ ಕಾರಣದ ನೂರು ಎಚ್ಚರಿಕೆಗಳನ್ನು ಒಂದು ಮಾಡಿ ಕಳಿಸುವ, ಬೆಳಿಗ್ಗೆ ನೋಡಿದರೂ ಆಗುವುದನ್ನು ಬೆಳಿಗ್ಗೆಗೇ ಇಡುವ ಸೌಲಭ್ಯ ಬೇಕು. ಆದರೆ ಯಾವುದು ತುರ್ತು, ಯಾವುದು ಅಲ್ಲ ಎಂದು ತೀರ್ಮಾನಿಸಬೇಕಾದವರು ನಾವೇ. ಆ ಕೆಲಸ ಮಾಡದೆ ಎಷ್ಟು ದುಬಾರಿಯದನ್ನು ತಂದರೂ ಅದು ಇನ್ನೂ ಜೋರಾಗಿ ಬಡಿದುಕೊಳ್ಳುವ ಟೆಲಿಗ್ರಾಂ ಗುಂಪಾಗುತ್ತದೆ ಅಷ್ಟೇ.

ಮೂರನೆಯದು, ನಾವು ಬಿದ್ದಾಗ ಅದೂ ಬೀಳುತ್ತದೆಯೇ? 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ನಿಂತುಹೋದದ್ದು ನೆನಪಿರಬಹುದು. ಅಂದು ಕಂಪನಿಯ ಜಾಲದ ಜೊತೆಗೆ ಅದನ್ನು ರಿಪೇರಿ ಮಾಡಲು ಬೇಕಾದ ಒಳಗಿನ ಉಪಕರಣಗಳೂ ಕೈಕೊಟ್ಟಿದ್ದವು. ಎಂಜಿನಿಯರ್‌ಗಳು ಡೇಟಾ ಸೆಂಟರ್‌ಗೇ ಹೋಗಬೇಕಾಯಿತು. ಮನೆ ಕೀಲಿಯನ್ನು ಮನೆಯೊಳಗೇ ಇಟ್ಟು ಬಾಗಿಲು ಎಳೆದುಕೊಂಡ ಹಾಗೆ. ನಮ್ಮ ತಂಡದ ಒಬ್ಬ, ‘ಉಚಿತ ಸಾಫ್ಟ್‌ವೇರ್ ಇದೆ, ಅದೇ ಸರ್ವರ್‌ನಲ್ಲಿ ಹಾಕೋಣ’ ಎಂದಾಗ ನನಗೆ ನೆನಪಾದದ್ದು ಇದೇ.

ನಾಲ್ಕನೆಯದು, ನಾಳೆ ಅದನ್ನು ಬಿಟ್ಟು ಹೊರಬರಲು ಆಗುತ್ತದೆಯೇ? ಈ ಪೇಟೆಯಲ್ಲಿ ಯಾವ ಅಂಗಡಿ ಎಷ್ಟು ದಿನ ಇರುತ್ತದೆ ಎಂಬ ಭರವಸೆಯಿಲ್ಲ. 2009ರಲ್ಲಿ ಶುರುವಾದ ಪೇಜರ್‌ಡ್ಯೂಟಿ ಇಂದಿಗೂ ಇದೆ. ಅದರ ದೊಡ್ಡ ಎದುರಾಳಿಯಾಗಿದ್ದ ಆಪ್ಸ್‌ಜೀನಿಯನ್ನು ಅಟ್ಲಾಸಿಯನ್ ಕಂಪನಿ 2018ರಲ್ಲಿ ಕೊಂಡುಕೊಂಡಿತು. 2025ರ ಜೂನ್‌ನಲ್ಲಿ ಹೊಸಬರಿಗೆ ಮಾರುವುದನ್ನು ನಿಲ್ಲಿಸಿತು, 2027ರ ಏಪ್ರಿಲ್‌ಗೆ ಪೂರ್ತಿ ಮುಚ್ಚುವುದಾಗಿ ಹೇಳಿದೆ. ಉಚಿತವಾಗಿ ಸಿಗುತ್ತಿದ್ದ ಗ್ರಫಾನಾ ಆನ್‌ಕಾಲ್‌ನ ಮುಕ್ತ ಆವೃತ್ತಿಯ ಬೆಳವಣಿಗೆಯೂ 2025ರ ಮಾರ್ಚ್‌ನಲ್ಲಿ ನಿಂತಿತು. ಹಾಗಾಗಿ ಸರದಿ ಪಟ್ಟಿ, ಯಾರ ನಂತರ ಯಾರು ಎಂಬ ನಿಯಮ, ಹಳೆಯ ಘಟನೆಗಳ ಟಿಪ್ಪಣಿ, ಇವೆಲ್ಲದರ ಪ್ರತಿ ನಮ್ಮ ಬಳಿಯೂ ಇರಲೇಬೇಕು.

ಕೊನೆಯದು ಹಣ. ಇಂಥವಕ್ಕೆ ಸಾಮಾನ್ಯವಾಗಿ ತಿಂಗಳಿಗೆ ತಲೆಗಿಷ್ಟು ಎಂದು ದರ. ಉಳಿತಾಯ ಮಾಡಲು ಕೆಲವರು ಒಂದೇ ಲಾಗಿನ್ ಅನ್ನು ನಾಲ್ಕು ಜನ ಹಂಚಿಕೊಳ್ಳುತ್ತಾರೆ. ಆಗ ‘ನಾನು ನೋಡುತ್ತಿದ್ದೇನೆ’ ಎಂದು ಒತ್ತಿದವರು ಯಾರು ಎಂದೇ ತಿಳಿಯುವುದಿಲ್ಲ. ದುಡ್ಡು ಕೊಟ್ಟು ಅದೇ ಹೆಬ್ಬೆರಳಿನ ಚಿಹ್ನೆಗೆ ವಾಪಸ್ ಬಂದ ಹಾಗೆ. ದುಡ್ಡಿಲ್ಲದಿದ್ದರೆ ಹಂಚಿಕೊಂಡ ಲಾಗಿನ್‌ಗಿಂತ ಅಪ್ಪನ ರಿಜಿಸ್ಟರೇ ವಾಸಿ.

‘ಫ್ರೆಶರ್‌ಗಳನ್ನು ಕೇಳಿ ಯಾವ ಕಂಪನಿ ಸಾಫ್ಟ್‌ವೇರ್ ಕೊಳ್ಳುತ್ತದೆ? ಬಜೆಟ್, ಭದ್ರತೆ, ಒಪ್ಪಂದ ಎಲ್ಲ ನಿಮಗೆ ಗೊತ್ತೇ?’ ಎಂದು ಒಬ್ಬ ಸೀನಿಯರ್ ಕೇಳಿದರು. ನಿಜ, ಅವೆಲ್ಲ ನಮಗೆ ಗೊತ್ತಿಲ್ಲ. ಕೊನೆಯ ಸಹಿ ನಮ್ಮದಾಗಲಿ ಎಂದು ನಾನು ಹೇಳುತ್ತಲೂ ಇಲ್ಲ. ಸಹಿ ಬೀಳುವ ಮುನ್ನ ಎರಡು ವಾರ ಅದನ್ನು ಆನ್‌ಕಾಲ್ ಮಾಡುವವರ ಕೈಗೆ ಕೊಡಲಿ, ಅವರು ಬೇಡವೆಂದರೆ ಕಾರಣ ಕೇಳಲಿ, ಅಷ್ಟೇ. ಚಪ್ಪಲಿ ಕೊಳ್ಳುವಾಗ ಕಾಲನ್ನೂ ಅಂಗಡಿಗೆ ಕರೆದುಕೊಂಡು ಹೋಗುತ್ತೇವಲ್ಲವೇ?

ಗೆಳೆಯರೇ, ನಮ್ಮಲ್ಲಿ ಬಹಳಷ್ಟು ಜನರ ಮೊದಲ ಕೆಲಸ ಸಪೋರ್ಟ್ ಪಾಳಿಯಲ್ಲೇ ಶುರುವಾಗಬಹುದು. ಕ್ಯಾಂಪಸ್ ಸಂದರ್ಶನದ ಕೊನೆಗೆ ‘ನಿಮ್ಮದೇನಾದರೂ ಪ್ರಶ್ನೆ ಇದೆಯೇ?’ ಎಂದು ಕೇಳುತ್ತಾರೆ. ನಾವು ತಲೆಯಾಡಿಸಿ ಎದ್ದು ಬರುತ್ತೇವೆ. ಇನ್ನು ಮುಂದೆ ಕೇಳೋಣ. ಆನ್‌ಕಾಲ್ ಇದೆಯೇ? ಎಷ್ಟು ವಾರಕ್ಕೊಮ್ಮೆ? ಕಳೆದ ತಿಂಗಳು ರಾತ್ರಿ ಎಷ್ಟು ಸಲ ಕರೆ ಬಂತು? ಎದ್ದ ಮರುದಿನ ಬೆಳಿಗ್ಗೆ ತಡವಾಗಿ ಬರಬಹುದೇ? ಇದರಿಂದ ಕೆಲಸ ಕೈತಪ್ಪೀತೆಂಬ ಭಯ ನನಗೂ ಇದೆ. ಆದರೆ ಇಂಥ ಪ್ರಶ್ನೆಗೆ ನೇರ ಉತ್ತರ ಕೊಡುವ ತಂಡದಲ್ಲಿ ಕೆಲಸ ಕಲಿಯುವುದು ಸುಲಭ ಎಂದು ಅಕ್ಕ ಹೇಳುತ್ತಾಳೆ.

ಅಂದಹಾಗೆ, ಈ ಸಲದ ಫೆಸ್ಟ್‌ಗೆ ನಾವು ಒಂದು ಸಾಫ್ಟ್‌ವೇರ್ ಆರಿಸಿದ್ದೇವೆ. ಅದಕ್ಕೂ ಮೊದಲು ಲ್ಯಾಬ್‌ನ ಗೋಡೆಗೆ ಒಂದು ಹಾಳೆ ಅಂಟಿಸಿದ್ದೇವೆ. ಅದರಲ್ಲಿ ಒಂದೊಂದು ರಾತ್ರಿಗೆ ಒಂದೊಂದೇ ಹೆಸರಿದೆ. ಕೊನೆಯ ದಿನದ ಹಿಂದಿನ ರಾತ್ರಿ ನನ್ನದು. ಫೋನ್ ಬಂದರೆ ಏನು ಹೇಳಬೇಕೆಂದು ಅಪ್ಪನಿಂದ ಕಲಿತಿದ್ದೇನೆ: ‘ನಾನು ಹೊರಟೆ.’