ಎಣಿಸುವವನಿಗೂ ಆಸ್ಪತ್ರೆಯಲ್ಲಿ ಕೆಲಸವುಂಟು

"ಸಂಖ್ಯಾಶಾಸ್ತ್ರ ಓದಿ ಏನು ಮಾಡುತ್ತೀಯಪ್ಪ?" ಎಂದು ಊರಿನಲ್ಲಿ ಹಿರಿಯರು ಕೇಳಿದರೆ ಹಿಂದೆ ನಾನು ತಲೆತಗ್ಗಿಸುತ್ತಿದ್ದೆ. ವೈದ್ಯಕೀಯದಲ್ಲಿ ಸೀಟು ಸಿಕ್ಕದೆ ಈ ಕಾಲೇಜಿಗೆ ಬಂದವನು ನಾನು. ನಾಡಿ ಹಿಡಿಯುವ ಭಾಗ್ಯ ತಪ್ಪಿದ ಮೇಲೆ ರೋಗಿಗಳಿಗೂ ನಮಗೂ ಸಂಬಂಧವೇ ಇಲ್ಲವೆಂದು ತಿಳಿದಿದ್ದೆ. ಅದು ಶುದ್ಧ ತಪ್ಪೆಂದು ಈಗ ವಾದಿಸಬಯಸುತ್ತೇನೆ.

ಇಂಗ್ಲೆಂಡಿನ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ (1897-1991) ಅವರೂ ವೈದ್ಯರಾಗಬೇಕೆಂದಿದ್ದವರೇ. ಮೊದಲ ಮಹಾಯುದ್ಧದಲ್ಲಿ ವಿಮಾನದಳ ಸೇರಿ, ಕ್ಷಯ ಅಂಟಿಸಿಕೊಂಡು ಮರಳಿದರು. ಹಾಸಿಗೆ ಹಿಡಿದವರು ಅಂಚೆಯ ಮೂಲಕ ಓದಿ 1922ರಲ್ಲಿ ಲಂಡನ್ ವಿಶ್ವವಿದ್ಯಾನಿಲಯದ ಪದವಿ ಪಡೆದರು. ವಿಷಯ, ನಮ್ಮದೇ ಅರ್ಥಶಾಸ್ತ್ರ! ಕಾರ್ಲ್ ಪಿಯರ್ಸನ್ನರ ಉಪನ್ಯಾಸಗಳಿಗೆ ಹೋಗಿ ಸಂಖ್ಯಾಶಾಸ್ತ್ರ ಕಲಿತರು. ತಮ್ಮನ್ನು ಮಲಗಿಸಿದ ರೋಗಕ್ಕೆ ಸ್ಟ್ರೆಪ್ಟೋಮೈಸಿನ್ ಎಂಬ ಹೊಸ ಔಷಧ ಬಂದಾಗ, ಅದನ್ನು ಪರೀಕ್ಷಿಸುವ ಕ್ರಮವನ್ನು ರೂಪಿಸಿದವರು ಅವರೇ.

ರೋಗಿಗಳು 107 ಮಂದಿ. ಯಾರಿಗೆ ಔಷಧ, ಯಾರಿಗೆ ಬರಿಯ ವಿಶ್ರಾಂತಿ ಎಂಬುದನ್ನು ವೈದ್ಯರು ಆರಿಸಲಿಲ್ಲ. ಮುಚ್ಚಿದ ಲಕೋಟೆಯೊಳಗಿನ ಚೀಟಿ ಹೇಳಿತು. ಆರು ತಿಂಗಳಲ್ಲಿ ಔಷಧ ಪಡೆದ 55 ಮಂದಿಯಲ್ಲಿ 4 ಮಂದಿ ತೀರಿಕೊಂಡರು. ಪಡೆಯದ 52 ಮಂದಿಯಲ್ಲಿ 14. ವರದಿ 1948ರಲ್ಲಿ ಪ್ರಕಟವಾಯಿತು. "ಇದು ಜೂಜಲ್ಲವೇನೋ?" ಎಂದು ನನ್ನ ಹಾಸ್ಟೆಲಿನ ಮಿತ್ರ ಸಿಟ್ಟಾದ. ಸಿಟ್ಟು ನ್ಯಾಯವೇ. ಆದರೆ ಆಗ ಬ್ರಿಟನ್ನಿನಲ್ಲಿ ಆ ಔಷಧ ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. ಇದ್ದುದು ವಶೀಲಿಯವರ ಪಾಲಾಗುವುದಕ್ಕಿಂತ ಚೀಟಿಯೇ ಮೇಲು. ಅಲ್ಲದೆ, ಔಷಧ ಫಲಿಸಿತೋ, ಗಟ್ಟಿಮುಟ್ಟಾದ ರೋಗಿಗಳನ್ನೇ ಆರಿಸಿಕೊಂಡದ್ದು ಫಲಿಸಿತೋ ಎಂಬ ಸಂಶಯಕ್ಕೆ ಎಡೆಯಿಲ್ಲ. ಮಿತ್ರ ಪೂರ್ತಿ ಒಪ್ಪಲಿಲ್ಲ. ನನಗೂ ಆ ಹದಿನಾಲ್ವರು ಮರೆಯುವುದಿಲ್ಲ.

ದೂರದ ಮಾತೇಕೆ? ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಹುಟ್ಟಿತು. ಹಳ್ಳಿಗರು ಅಜ್ಞಾನದಿಂದ ರೋಗವನ್ನು ಮುಚ್ಚಿಟ್ಟುಕೊಳ್ಳುತ್ತಾರೆಂದು ಆಗ ಬಹುಮಂದಿ ನಂಬಿದ್ದರು. ಅಲ್ಲಿನ ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ರೋಗಲಕ್ಷಣವಿದ್ದವರನ್ನು ಕೇಳಿಸಿ ಎಣಿಸಿದಾಗ, ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದವರು! ಕೆಮ್ಮಿನ ಔಷಧದ ಸೀಸೆ ಹಿಡಿದು ಹಿಂದಿರುಗಿದ್ದರು, ಅಷ್ಟೆ. 1963ರಲ್ಲಿ ಈ ಸಂಗತಿ ಅಚ್ಚಾಯಿತು. ತಪ್ಪು ಹಳ್ಳಿಯದಲ್ಲ, ಆಸ್ಪತ್ರೆಯದು ಎಂದು ತೋರಿಸಿದ್ದು ಸ್ಟೆಥಾಸ್ಕೋಪಲ್ಲ, ಲೆಕ್ಕ.

ಕಳೆದ ಬೇಸಿಗೆಯಲ್ಲಿ ಒಂದು ಆಸ್ಪತ್ರೆಯ ರಿಜಿಸ್ಟರನ್ನು ಪ್ರತಿಮಾಡಲು ಹೋಗಿದ್ದೆ. ವಯಸ್ಸಿನ ಕಾಲಮ್ಮಿನಲ್ಲಿ 40, 45, 50, 60. ಹುಡುಕಿದರೂ ಒಂದು 43 ಇಲ್ಲ. ನಮ್ಮ ಅಜ್ಜಿಯ ಹೆಸರೂ ಸಿಕ್ಕಿತು: ವಯಸ್ಸು 70. ಮನೆಗೆ ಬಂದು ಕೇಳಿದೆ. "ಗಾಂಧಿ ಹೋದ ವರ್ಷ ನಾನು ತೊಟ್ಟಿಲಲ್ಲಿದ್ದೆನಂತೆ, ಮಗ. ನೀನೇ ಲೆಕ್ಕ ಹಾಕ್ಕೊ" ಎಂದಳು. ಬರೆದುಕೊಂಡವರು ಅದನ್ನು ಕೇಳಿರಲಿಲ್ಲ.